ಇಪ್ಪತ್ತೊಂದು ದಿನ ಖಾಲಿಯಾಗದ ಕುರ್ಚಿ: ಇಂಗ್ಲೆಂಡಿನ ಕೌನ್ಸಿಲರ್ ಒಬ್ಬರು ಪೊಲೀಸ್ ಕಮಿಷನರ್ ಆದ ಪ್ರಕರಣ

ಮೊದಲು ಒಂದು ಪದದ ಗೊಂದಲ ತೀರಿಸಿಕೊಳ್ಳೋಣ. ಪೊಲೀಸ್ ಕಮಿಷನರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಖಾಕಿ ತೊಟ್ಟ ಐಪಿಎಸ್ ಅಧಿಕಾರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಲಂಡನ್ನನ್ನು ಬಿಟ್ಟರೆ, 2012ರಿಂದ ಈಚೆಗೆ ಆ ಹೆಸರಿನಲ್ಲಿ ಕೂತವರು ಸಮವಸ್ತ್ರವೇ ಇಲ್ಲದ ರಾಜಕಾರಣಿಗಳು. ಪೂರ್ಣ ಹೆಸರು ಪೊಲೀಸ್ ಮತ್ತು ಅಪರಾಧ ಕಮಿಷನರ್. ಜನರೇ ಮತ ಹಾಕಿ ಆರಿಸಬೇಕು. ಆಯ್ಕೆಯಾದವರು ಲಾಠಿ ಹಿಡಿಯುವುದಿಲ್ಲ, ಯಾರನ್ನು ಬಂಧಿಸಬೇಕೆಂದು ಹೇಳುವಂತೆಯೂ ಇಲ್ಲ. ಅದು ಚೀಫ್ ಕಾನ್‌ಸ್ಟೆಬಲ್ ಎಂಬ ವೃತ್ತಿಪರ ಅಧಿಕಾರಿಯ ಕೆಲಸ. ಆದರೆ ಆ ಚೀಫ್ ಕಾನ್‌ಸ್ಟೆಬಲ್‌ರನ್ನು ನೇಮಿಸುವವರು, ಬೇಕಾದರೆ ತೆಗೆಯುವವರು, ಬಜೆಟ್ ಕಟ್ಟುವವರು, ಮನೆಮನೆಯ ಕೌನ್ಸಿಲ್ ತೆರಿಗೆಯಲ್ಲಿ ಪೊಲೀಸರ ಪಾಲು ಎಷ್ಟೆಂದು ನಿಗದಿ ಮಾಡುವವರು ಕಮಿಷನರ್.

ಈ ಬರಹದ ವ್ಯಕ್ತಿಯ ಹೆಸರು ನಾನು ಬರೆಯುವುದಿಲ್ಲ. ಎಲ್ಲವೂ ಸಾರ್ವಜನಿಕ ದಾಖಲೆಯಲ್ಲಿದೆ, ಹುಡುಕುವವರಿಗೆ ಸಿಕ್ಕೇ ಸಿಗುತ್ತದೆ. ಆದರೆ ಹೆಸರು ಬಂದೊಡನೆ ಓದುಗರ ಕಣ್ಣು ಮನುಷ್ಯನ ಮೇಲೆ ನೆಡುತ್ತದೆ. ನನಗೆ ಬೇಕಾಗಿರುವುದು ಅವರು ಕೂತ ಎರಡು ಕುರ್ಚಿಗಳ ಕಥೆ: ಮೊದಲನೆಯದರಲ್ಲಿ ಹೊತ್ತಿದ್ದ ಹೊಣೆಯ ಕಾರಣಕ್ಕೆ 2014ರಲ್ಲಿ ಎರಡನೆಯದನ್ನು ಬಿಡಬೇಕಾಗಿ ಬಂದ, ಬಿಡುವ ಮುನ್ನ ಇಪ್ಪತ್ತೊಂದು ದಿನ ಹಿಡಿದು ಕೂತ ಕಥೆ. ಮೊದಲ ಕುರ್ಚಿಯಲ್ಲಿದ್ದಾಗ ಅವರನ್ನು ಕೌನ್ಸಿಲರ್ ಎಂದೂ ಎರಡನೆಯದರಲ್ಲಿದ್ದಾಗ ಕಮಿಷನರ್ ಎಂದೂ ಕರೆಯುತ್ತೇನೆ. ಮನುಷ್ಯ ಒಬ್ಬನೇ ಎಂಬುದನ್ನು ಓದುಗರು ಮರೆಯಬಾರದು. 2012ರಲ್ಲಿ ಬಹಳ ಜನ ಮರೆತದ್ದು ಅದನ್ನೇ.

ಮೊದಲ ಕುರ್ಚಿ

ದಕ್ಷಿಣ ಯಾರ್ಕ್‌ಷೈರ್‌ನ ರಾದರಂ ಕಲ್ಲಿದ್ದಲು ಮತ್ತು ಉಕ್ಕಿನಿಂದ ಬದುಕಿದ ಊರು. ಅಲ್ಲಿನ ಕೌನ್ಸಿಲ್‌ನಲ್ಲಿ, ಅಂದರೆ ಊರಿನ ಚುನಾಯಿತ ಸ್ಥಳೀಯ ಆಡಳಿತದಲ್ಲಿ, ಲೇಬರ್ ಪಕ್ಷದ ಹಿಡಿತ ದಶಕಗಳಿಂದ ಗಟ್ಟಿ. ಕೌನ್ಸಿಲರ್ 2005ರಿಂದ 2010ರವರೆಗೆ ಅದರ ಸಂಪುಟದಲ್ಲಿ ಮಕ್ಕಳು ಮತ್ತು ಯುವಜನರ ಸೇವೆಗಳ ಹೊಣೆ ಹೊತ್ತಿದ್ದರು. ಬ್ರಿಟನ್ನಿನ ಸ್ಥಳೀಯ ಆಡಳಿತದಲ್ಲಿ ಇದು ಸಣ್ಣ ಖಾತೆಯಲ್ಲ. ಮಕ್ಕಳ ರಕ್ಷಣೆ, ಅನಾಥರ ಪಾಲನೆ, ಸಮಾಜ ಕಾರ್ಯಕರ್ತರ ದೊಡ್ಡ ಪಡೆ ಎಲ್ಲವೂ ಅದರ ಕೆಳಗೆ ಬರುತ್ತವೆ.

ಈ ಖಾತೆಗೆ ಒಂದು ಹುಟ್ಟಿನ ಕಥೆಯಿದೆ, ಪ್ರಕರಣದ ಗಂಟು ಅಲ್ಲಿಂದಲೇ ಬೀಳುತ್ತದೆ. 2000ನೇ ಇಸವಿಯಲ್ಲಿ ಲಂಡನ್ನಿನಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ಪೋಷಕರ ಸ್ಥಾನದಲ್ಲಿದ್ದವರ ಹಿಂಸೆಯಿಂದ ಸತ್ತಳು. ಆಕೆಯನ್ನು ಸಮಾಜ ಸೇವಾ ಇಲಾಖೆ, ಆಸ್ಪತ್ರೆ, ಪೊಲೀಸರು ಎಲ್ಲರೂ ಒಂದಲ್ಲ ಒಂದು ಬಾರಿ ಕಂಡಿದ್ದರು; ಯಾರೂ ಉಳಿಸಲಿಲ್ಲ. ಲಾರ್ಡ್ ಲ್ಯಾಮಿಂಗ್ ನಡೆಸಿದ ವಿಚಾರಣೆಯ ವರದಿ 2003ರಲ್ಲಿ ಬಂತು. ಅದರ ಬೆನ್ನಿಗೆ ಬಂದ 2004ರ ಮಕ್ಕಳ ಕಾಯ್ದೆ ಪ್ರತಿ ಪ್ರಮುಖ ಕೌನ್ಸಿಲ್‌ಗೂ ಎರಡು ಹುದ್ದೆಗಳನ್ನು ಕಡ್ಡಾಯ ಮಾಡಿತು: ಮಕ್ಕಳ ಸೇವೆಗೆ ಒಬ್ಬ ನಿರ್ದೇಶಕ, ಮತ್ತು ಅದೇ ಕೆಲಸಕ್ಕೆ ರಾಜಕೀಯವಾಗಿ ಉತ್ತರ ಕೊಡಬೇಕಾದ ಒಬ್ಬ ಚುನಾಯಿತ ಸದಸ್ಯ. ಮುಂದೆ ಯಾವ ಜನಪ್ರತಿನಿಧಿಯೂ ‘ಅಧಿಕಾರಿಗಳು ನನಗೆ ಹೇಳಲಿಲ್ಲ’ ಎಂದು ಕೈ ತೊಳೆದುಕೊಳ್ಳದಿರಲಿ ಎಂಬುದೇ ಈ ಎರಡನೇ ಹುದ್ದೆಯ ಒಳಗುಟ್ಟು. ನಮ್ಮ ಕೌನ್ಸಿಲರ್ ಕೂತದ್ದು ಆ ಕುರ್ಚಿಯ ಮೇಲೆ.

ಅದೇ ಹೊತ್ತಿನಲ್ಲಿ ರಾದರಂನಲ್ಲಿ ಹದಿಹರೆಯದ ಹೆಣ್ಣುಮಕ್ಕಳನ್ನು ಸ್ನೇಹ, ಮದ್ಯ, ಮಾದಕವಸ್ತುಗಳ ಆಮಿಷದಿಂದ ಬಲೆಗೆ ಬೀಳಿಸಿ ಲೈಂಗಿಕವಾಗಿ ಶೋಷಿಸುವ ಗುಂಪುಗಳು ವರ್ಷಗಳಿಂದ ನಿರಾತಂಕವಾಗಿ ನಡೆದುಕೊಂಡು ಬಂದಿದ್ದವು. ಯುವಜನರ ನಡುವೆ ಕೆಲಸ ಮಾಡುತ್ತಿದ್ದ ಒಂದು ಪುಟ್ಟ ತಂಡ ಹೆಸರು, ಜಾಗಗಳ ಸಮೇತ ಮೇಲಿನವರಿಗೆ ಹೇಳುತ್ತಲೇ ಇತ್ತು. 2002, 2003 ಮತ್ತು 2006ರಲ್ಲಿ ಮೂರು ವರದಿಗಳು ಸಿದ್ಧವಾದವು. ಮೊದಲನೆಯದನ್ನು ಅದುಮಿಡಲಾಯಿತು, ಉಳಿದವು ಕಡತದೊಳಗೆ ಮಲಗಿದವು. 2004-05ರಲ್ಲಿ ಕೌನ್ಸಿಲರ್‌ಗಳಿಗೂ ಹಿರಿಯ ಅಧಿಕಾರಿಗಳಿಗೂ ವಿಚಾರ ಸಂಕಿರಣ ಏರ್ಪಡಿಸಿ ವಿಷಯವನ್ನು ಮುಚ್ಚುಮರೆಯಿಲ್ಲದೆ ಬಿಡಿಸಿಡಲಾಗಿತ್ತು. ಆ ನಂತರ ಯಾರೂ ಗೊತ್ತಿರಲಿಲ್ಲ ಎನ್ನುವಂತಿಲ್ಲ ಎಂದು ಮುಂದೆ ತನಿಖಾ ವರದಿ ಬರೆದದ್ದು ಇದನ್ನು ನೋಡಿಯೇ.

2010ರ ನವೆಂಬರ್‌ನಲ್ಲಿ ಐವರಿಗೆ ಶಿಕ್ಷೆಯಾಯಿತು. ಊರಿಗೆ ಮೊದಲ ಬಾರಿ ನ್ಯಾಯಾಲಯದ ಬಾಯಿಂದ ಸುದ್ದಿ ಕೇಳಿಸಿತು. ಕೌನ್ಸಿಲರ್ ಅದೇ ವರ್ಷ ಆ ಖಾತೆಯಿಂದ ಹೊರಬಂದರು. ಅವರ ರಾಜಕೀಯ ನಡಿಗೆಯೇನೂ ಅಲ್ಲಿಗೆ ನಿಲ್ಲಲಿಲ್ಲ. ದಕ್ಷಿಣ ಯಾರ್ಕ್‌ಷೈರ್ ಪೊಲೀಸ್ ಪ್ರಾಧಿಕಾರದಲ್ಲಿಯೂ ಅವರಿಗೆ ಜಾಗವಿತ್ತು.

ಕೂರಿಸಿ ಕೇಳದ ಪ್ರಶ್ನೆ

ಪೊಲೀಸ್ ಪ್ರಾಧಿಕಾರ ಎಂದರೆ ಕೌನ್ಸಿಲರ್‌ಗಳೂ ಸ್ವತಂತ್ರ ಸದಸ್ಯರೂ ಸೇರಿ ಸಾಮಾನ್ಯವಾಗಿ ಹದಿನೇಳು ಮಂದಿಯ ಮೇಲ್ವಿಚಾರಣಾ ಮಂಡಳಿ. ಯಾರು ಸದಸ್ಯರು ಎಂದು ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳಿದರೆ ಒಂದು ಹೆಸರೂ ಬರುತ್ತಿರಲಿಲ್ಲ ಎಂಬುದು ಅಂದಿನ ಸರ್ಕಾರದ ದೂರು. 2011ರ ಪೊಲೀಸ್ ಸುಧಾರಣೆ ಕಾಯ್ದೆ ಈ ಮಂಡಳಿಗಳನ್ನು ಕಿತ್ತುಹಾಕಿ, ಪ್ರತಿ ಪೊಲೀಸ್ ಪಡೆಗೂ ಒಬ್ಬ ಚುನಾಯಿತ ಕಮಿಷನರ್ ಎಂದಿತು. ಹದಿನೇಳು ಹೆಸರಿಲ್ಲದ ಮುಖಗಳ ಬದಲು ಒಂದೇ ಮುಖ. ಜನ ಬೈಯಬೇಕೆಂದರೂ ಹೊಗಳಬೇಕೆಂದರೂ ವಿಳಾಸ ಒಂದೇ.

ಒಟ್ಟು 41 ಪಡೆಗಳಿಗೆ ಚುನಾವಣೆ ನಡೆದದ್ದು 2012ರ ನವೆಂಬರ್ 15ರ ಗುರುವಾರ. ಇಂಗ್ಲೆಂಡಿನ ನವೆಂಬರ್ ಎಂದರೆ ಸಂಜೆ ನಾಲ್ಕೂವರೆಗೇ ಕತ್ತಲು. ಅಭ್ಯರ್ಥಿಗಳ ಕರಪತ್ರವನ್ನು ಮನೆಗಳಿಗೆ ಉಚಿತ ಅಂಚೆಯಲ್ಲಿ ಕಳಿಸಲು ಸರ್ಕಾರ ಹಣ ಕೊಡಲಿಲ್ಲ. ವೆಬ್‌ಸೈಟ್ ನೋಡಿಕೊಳ್ಳಿ ಎಂದಿತು. ಮತಗಟ್ಟೆಗೆ ಹೋದವರ ಕೈಗೆ ಬಂದ ಕಾಗದದಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಖಾನೆಗಳು: ಒಂದರಲ್ಲಿ ಮೊದಲ ಆಯ್ಕೆಗೆ ಕತ್ತರಿ ಗುರುತು, ಇನ್ನೊಂದರಲ್ಲಿ ಎರಡನೇ ಆಯ್ಕೆಗೆ. ಬಹಳ ಜನರಿಗೆ ಒಂದನ್ನು ತುಂಬಲೂ ಗೊತ್ತಿರುವ ಹೆಸರಿರಲಿಲ್ಲ. ದೇಶದ ಸರಾಸರಿ ಮತದಾನ ಶೇಕಡ 15ರ ಆಸುಪಾಸು. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಒಂದು ಮತಗಟ್ಟೆಯಲ್ಲಿ ಸಿಬ್ಬಂದಿ ಇಡೀ ದಿನ ಕೂತು ಕಾದರೂ ಒಬ್ಬರೂ ಬರಲಿಲ್ಲ. ಪೆಟ್ಟಿಗೆಯಲ್ಲಿ ಬಿದ್ದದ್ದು ಸೊನ್ನೆ ಮತ.

ದಕ್ಷಿಣ ಯಾರ್ಕ್‌ಷೈರ್‌ನಲ್ಲೂ ಏಳು ಮತದಾರರಲ್ಲಿ ಬಂದವರು ಒಬ್ಬರು. ಬಂದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ನಮ್ಮ ಕೌನ್ಸಿಲರ್‌ಗೆ ಗುರುತು ಹಾಕಿದರು. ಎರಡನೇ ಆಯ್ಕೆಯನ್ನು ಎಣಿಸುವ ಅಗತ್ಯವೇ ಬೀಳದೆ ಮೊದಲ ಸುತ್ತಿನಲ್ಲೇ ಗೆದ್ದು ಅವರು ಕಮಿಷನರ್ ಆದರು. ಸಂಬಳ ವರ್ಷಕ್ಕೆ 85,000 ಪೌಂಡ್. ಜನಾದೇಶ ಎಂಬ ಮಾತು ಮುಂದೆ ಬಹಳ ಸಲ ಕೇಳಿಸಲಿರುವುದರಿಂದ ಈ ಲೆಕ್ಕವನ್ನು ನೆನಪಿನಲ್ಲಿಡಿ: ಹದಿನಾಲ್ಕು ಮತದಾರರಿಗೆ ಹತ್ತಿರ ಹತ್ತಿರ ಒಬ್ಬರು.

ನನ್ನ ಮಟ್ಟಿಗೆ ಪ್ರಕರಣದ ನಿಜವಾದ ತಿರುವು ಇದೇ. 2014ರ ಗದ್ದಲದ ಬಗ್ಗೆಯೇ ಎಲ್ಲರೂ ಬರೆಯುತ್ತಾರೆ, ಆದರೆ ಆಗ ಹೊರಬಿದ್ದದ್ದು 2012ರಲ್ಲಿ ಬಿತ್ತಿದ್ದರ ಫಸಲು. ಚುನಾವಣೆಗೆ ಎರಡು ತಿಂಗಳಿರುವಾಗ, ಸೆಪ್ಟೆಂಬರ್ 12ರಂದು, ಶೆಫೀಲ್ಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1989ರಲ್ಲಿ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಸತ್ತ ದುರಂತದ ಬಗ್ಗೆ ಸ್ವತಂತ್ರ ತಂಡದ ವರದಿ ಬಂದು, ಇದೇ ಪೊಲೀಸ್ ಪಡೆ ತನ್ನ ತಪ್ಪನ್ನು ಸತ್ತವರ ತಲೆಗೆ ಕಟ್ಟಲು ಹೇಳಿಕೆಗಳನ್ನೇ ತಿದ್ದಿಸಿತ್ತು ಎಂಬುದು ಬಯಲಾಗಿತ್ತು. ಅದೇ ತಿಂಗಳು ‘ದಿ ಟೈಮ್ಸ್’ ಪತ್ರಿಕೆ ರಾದರಂನ ಶೋಷಣೆಯ ಬಗ್ಗೆ ಪೊಲೀಸರಿಗೂ ಕೌನ್ಸಿಲ್‌ಗೂ ಎಷ್ಟು ಗೊತ್ತಿತ್ತು ಎಂಬುದನ್ನು ಕಡತಗಳ ಸಮೇತ ಮುಖಪುಟದಲ್ಲಿ ಹಾಕಿತ್ತು. ಇಷ್ಟಾದ ಮೇಲೆ, ಆ ಪಡೆಯ ಮೇಲೆ ಕಣ್ಣಿಡುವ ಹೊಸ ಹುದ್ದೆಗೆ ಸ್ಪರ್ಧಿಸುತ್ತಿರುವವರು ಐದು ವರ್ಷ ಅದೇ ಊರಿನ ಮಕ್ಕಳ ಹೊಣೆ ಹೊತ್ತಿದ್ದರಲ್ಲ, ಆಗ ನಿಮ್ಮ ಮೇಜಿಗೆ ಏನು ಬಂದಿತ್ತು, ನೀವೇನು ಮಾಡಿದಿರಿ ಎಂದು ಅವರನ್ನು ಕೂರಿಸಿ ಕೇಳಿ, ಉತ್ತರವನ್ನು ಜನರ ಮುಂದಿಡಬೇಕಾಗಿತ್ತು. ಪಕ್ಷ ಹಾಗೆ ಮಾಡಿದಂತೆ ಕಾಣುವುದಿಲ್ಲ. ಚುನಾವಣೆಯಲ್ಲಿ ಆ ಪ್ರಶ್ನೆ ಎಷ್ಟೇ ಎದ್ದಿದ್ದರೂ ಅವರ ಗೆಲುವನ್ನು ಅದು ತಡೆಯಲಿಲ್ಲ. ಪಕ್ಷದ ಲೆಕ್ಕದಲ್ಲಿ ಅವರು ಅನುಭವಿ: ಕೌನ್ಸಿಲ್ ಗೊತ್ತು, ಪೊಲೀಸ್ ಪ್ರಾಧಿಕಾರ ಗೊತ್ತು. ಅನುಭವವನ್ನು ಅರ್ಹತೆಯ ಪಟ್ಟಿಯಲ್ಲಿ ಬರೆದುಕೊಂಡವರು, ಅದೇ ಅನುಭವಕ್ಕೆ ಲೆಕ್ಕಪತ್ರವೂ ಇರುತ್ತದೆ ಎಂಬುದನ್ನು ಕಡೆಗಣಿಸಿದರು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಸಂಗತಿಯಿದೆ. ಕಮಿಷನರ್ ಹುದ್ದೆಗೆ ನಿಲ್ಲುವವರ ಅನರ್ಹತೆಯ ನಿಯಮ ಸಂಸದರದ್ದಕ್ಕಿಂತ ಬಿಗಿ: ಜೈಲು ಶಿಕ್ಷೆ ವಿಧಿಸಬಹುದಾದ ಯಾವುದೇ ಅಪರಾಧ ಜೀವಮಾನದಲ್ಲಿ ಒಮ್ಮೆ ಸಾಬೀತಾಗಿದ್ದರೂ, ಜೈಲಿಗೆ ಹೋಗದಿದ್ದರೂ, ನಿಲ್ಲುವಂತಿಲ್ಲ. ಏವನ್ ಮತ್ತು ಸಾಮರ್ಸೆಟ್‌ನಲ್ಲಿ ಒಬ್ಬ ಅಭ್ಯರ್ಥಿ, ಬದುಕಿಡೀ ದಾರಿ ತಪ್ಪಿದ ಹುಡುಗರನ್ನು ಸರಿದಾರಿಗೆ ತರುವ ಕೆಲಸ ಮಾಡಿದವರು, 1966ರಲ್ಲಿ ಹದಿಮೂರು ವರ್ಷದವರಿದ್ದಾಗ ಕಟ್ಟಿದ್ದ ಸಣ್ಣ ದಂಡದ ಕಾರಣಕ್ಕೆ ಕಣದಿಂದ ಹಿಂದೆ ಸರಿಯಬೇಕಾಯಿತು. ಹುಡುಗಾಟಿಕೆಯ ದಂಡವನ್ನು ಜರಡಿ ಹಿಡಿದ ಕಾನೂನಿಗೆ ಐದು ವರ್ಷದ ಸಾರ್ವಜನಿಕ ಹೊಣೆ ಕಾಣಿಸಲೇ ಇಲ್ಲ. ಕಾಣಿಸಬೇಕೆಂದು ನಾನು ಹೇಳುತ್ತಿಲ್ಲ, ಅದು ಕಾನೂನಿನ ಕೆಲಸವಲ್ಲ. ಪಕ್ಷದ ಕೆಲಸ, ಪತ್ರಕರ್ತರ ಕೆಲಸ, ಕಡೆಗೆ ಸ್ವತಃ ಅಭ್ಯರ್ಥಿಯ ಕೆಲಸ.

ಮಂಗಳವಾರದಿಂದ ಮಂಗಳವಾರಕ್ಕೆ

2013ರಲ್ಲಿ ರಾದರಂ ಕೌನ್ಸಿಲ್ ತಾನೇ ಒಂದು ಸ್ವತಂತ್ರ ತನಿಖೆಗೆ ಒಪ್ಪಿತು. ಸ್ಕಾಟ್ಲೆಂಡ್ ಸರ್ಕಾರದಲ್ಲಿ ಸಮಾಜ ಕಾರ್ಯದ ಮುಖ್ಯ ಸಲಹೆಗಾರರಾಗಿದ್ದ ಪ್ರೊಫೆಸರ್ ಅಲೆಕ್ಸಿಸ್ ಜೇ 1997ರಿಂದ 2013ರವರೆಗಿನ ಕಡತಗಳನ್ನು ತೆರೆದರು. ವರದಿ ಹೊರಬಿದ್ದದ್ದು 2014ರ ಆಗಸ್ಟ್ 26ರ ಮಂಗಳವಾರ. ಕಡಿಮೆಯೆಂದರೂ ಸುಮಾರು 1,400 ಮಕ್ಕಳು ಶೋಷಣೆಗೆ ಒಳಗಾಗಿದ್ದರು ಎಂಬುದು ಅವರ ಅಂದಾಜು. ನೋಡಿದ ಪ್ರಕರಣಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಕ್ಕಳು ಇಲಾಖೆಗೆ ಮೊದಲೇ ಪರಿಚಿತರು. ಅಂದರೆ ಅವರ ಹೆಸರಿನ ಕಡತ ಕೌನ್ಸಿಲ್‌ನ ಕಪಾಟಿನಲ್ಲೇ ಇತ್ತು.

ಅದೇ ದಿನ ಕೌನ್ಸಿಲ್‌ನ ನಾಯಕರು ರಾಜೀನಾಮೆ ಕೊಟ್ಟರು. ಎಲ್ಲರ ಕಣ್ಣು ಕಮಿಷನರ್ ಕಡೆ ತಿರುಗಿತು. ಅವರು ಕ್ಷಮೆ ಕೇಳಿದರು, ಹುದ್ದೆ ಬಿಡುವುದಿಲ್ಲ ಎಂದರು. ಅವರ ವಾದವನ್ನು ಅನ್ಯಾಯವಾಗದಂತೆ ಹೇಳುವುದಾದರೆ ಹೀಗೆ: ಸಮಸ್ಯೆಯ ಗಾತ್ರ ಆಗ ನನಗೆ ತಿಳಿದಿರಲಿಲ್ಲ, ವಿಫಲವಾದದ್ದು ಇಡೀ ವ್ಯವಸ್ಥೆ, ಅದರಲ್ಲಿ ನನ್ನ ಪಾಲಿನ ಹೊಣೆಯನ್ನು 2010ರಲ್ಲೇ ಹೊತ್ತು ಹೊರಬಂದಿದ್ದೇನೆ, ಈಗಿನ ಹುದ್ದೆಗೆ ನನ್ನನ್ನು ಕಳಿಸಿದವರು ಜನ. ಅವರ ಮೇಲೆ ಯಾವ ಕ್ರಿಮಿನಲ್ ಆರೋಪವೂ ಇರಲಿಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಬುಧವಾರ ಅವರ ಪಕ್ಷ, ರಾಜೀನಾಮೆ ಕೊಡದಿದ್ದರೆ ಅಮಾನತು ಮಾಡುತ್ತೇವೆ ಎಂದಿತು. ಅಮಾನತಿಗೆ ಕಾಯದೆ ಅವರೇ ಪಕ್ಷ ಬಿಟ್ಟರು, ಸ್ವತಂತ್ರ ಕಮಿಷನರ್ ಆಗಿ ಮುಂದುವರಿಯುತ್ತೇನೆ ಎಂದರು. ಪಕ್ಷಾಂತರ ನಿಷೇಧ ಕಾಯ್ದೆಯ ನೆರಳಲ್ಲಿ ಬೆಳೆದ ನಮಗೆ ಇದು ವಿಚಿತ್ರ ಎನಿಸೀತು. ಬ್ರಿಟನ್ನಿನಲ್ಲಿ ಪಕ್ಷ ಬಿಟ್ಟರೆ ಸ್ಥಾನ ಹೋಗುವುದಿಲ್ಲ. ಹೀಗಾಗಿ ಪಕ್ಷದ ಕೈಯಲ್ಲಿದ್ದ ಏಕೈಕ ಅಸ್ತ್ರ ಒಂದೇ ದಿನದಲ್ಲಿ ಮೊಂಡಾಯಿತು.

ಗೃಹ ಸಚಿವೆ ಥೆರೆಸಾ ಮೇ ರಾಜೀನಾಮೆಗೆ ಕರೆ ಕೊಟ್ಟರು, ಪ್ರಧಾನಿಯೂ ದನಿಗೂಡಿಸಿದರು. ಕರೆ ಕೊಡುವುದಷ್ಟೇ ಅವರಿಂದ ಆಗುತ್ತಿದ್ದದ್ದು. 2011ರ ಕಾಯ್ದೆಯನ್ನು ಸಂಸತ್ತಿನಲ್ಲಿ ಮುಂದೆ ನಿಂತು ಪಾಸು ಮಾಡಿಸಿದ್ದು ಇದೇ ಗೃಹ ಸಚಿವೆಯ ಇಲಾಖೆ. ಕಮಿಷನರ್‌ರನ್ನು ಕೂರಿಸುವ ವಿಧಾನವನ್ನು ಪುಟಗಟ್ಟಲೆ ಬರೆದ ಆ ಕಾಯ್ದೆ ಇಳಿಸುವ ವಿಚಾರದಲ್ಲಿ ಹೆಚ್ಚು ಕಡಿಮೆ ಮೌನ. ಸಚಿವರಿಗೆ ತೆಗೆಯುವ ಅಧಿಕಾರವಿಲ್ಲ. ಮತದಾರರಿಗೆ ಮರಳಿ ಕರೆಸುವ ಹಕ್ಕಿಲ್ಲ. ಸುತ್ತಲಿನ ಕೌನ್ಸಿಲ್‌ಗಳ ಪ್ರತಿನಿಧಿಗಳಿರುವ ಪ್ಯಾನೆಲ್ ಒಂದಿದೆ. ಎರಡು ವರ್ಷಕ್ಕಿಂತ ಹೆಚ್ಚಿನ ಜೈಲು ಶಿಕ್ಷೆ ಇರಬಹುದಾದ ಅಪರಾಧದ ಆರೋಪ ದಾಖಲಾದರೆ ಮಾತ್ರ ಅದು ಕಮಿಷನರ್‌ರನ್ನು ಅಮಾನತಿನಲ್ಲಿಡಬಹುದು. ಅಸಮರ್ಥತೆ, ನೈತಿಕ ಹೊಣೆ, ಜನರ ವಿಶ್ವಾಸ ಹೋದದ್ದು ಇವ್ಯಾವುವೂ ಅಪರಾಧವಲ್ಲ. ಅವರ ಅವಧಿ ಮುಗಿಯುವುದು 2016ರ ಮೇ ತಿಂಗಳಲ್ಲಿ. ಕಾನೂನಿನ ಪ್ರಕಾರ ಇಪ್ಪತ್ತು ತಿಂಗಳು ಅವರನ್ನು ಯಾರೂ ಅಲುಗಾಡಿಸುವಂತಿರಲಿಲ್ಲ.

ಆ ವಾರ ಮುಗಿಯುವುದರೊಳಗೆ ಉಪ ಕಮಿಷನರ್ ಹುದ್ದೆ ಬಿಟ್ಟರು. ಅವರನ್ನು ಆರಿಸಿಕೊಂಡಿದ್ದು ಸ್ವತಃ ಕಮಿಷನರ್. ಹೊರಗಿನ ನೂರು ಹೇಳಿಕೆಗಳಿಗಿಂತ ಕಚೇರಿಯೊಳಗಿನ ಈ ಒಂದು ಕುರ್ಚಿ ಖಾಲಿಯಾದದ್ದು ಹೆಚ್ಚು ಮಾತಾಡಿತು ಎಂದು ನನಗೆ ಅನಿಸುತ್ತದೆ.

ಸೆಪ್ಟೆಂಬರ್ 9ರಂದು ಅವರು ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿಯ ಮುಂದೆ ಕೂತರು. ಕುದುರೆಲಾಳದ ಆಕಾರದಲ್ಲಿ ಸದಸ್ಯರು, ನಡುವೆ ಸಾಕ್ಷಿ. ಐದು ವರ್ಷ ಆ ಖಾತೆಯಲ್ಲಿದ್ದವರಿಗೆ ಗೊತ್ತಿರಲಿಲ್ಲ ಎಂದರೆ ಹೇಗೆ ಎಂಬ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಗಳಿಂದ ಬಂತು. ಸಮಿತಿಯ ಅಧ್ಯಕ್ಷರು ಎದುರೆದುರೇ ರಾಜೀನಾಮೆ ಕೊಡಿ ಎಂದರು. ಈ ವಿಚಾರಣೆಯ ಒಂದು ಕಟುತನವನ್ನು ಗಮನಿಸಬೇಕು: ಗೊತ್ತಿರಲಿಲ್ಲ ಎಂದರೆ ಅಸಮರ್ಥ, ಗೊತ್ತಿತ್ತು ಎಂದರೆ ಅಪರಾಧಿಗೆ ಸಮ. 2004ರ ಕಾಯ್ದೆ ಕಟ್ಟಿದ ಹುದ್ದೆಯಲ್ಲಿ ಕೂತವನಿಗೆ ಮೂರನೇ ಉತ್ತರವೇ ಇರಲಿಲ್ಲ. 2012ರಲ್ಲೇ ತಾನಾಗಿ ಎಲ್ಲವನ್ನೂ ಹೇಳಿಕೊಂಡಿದ್ದರೆ ಒಂದು ಇರುತ್ತಿತ್ತೇನೋ.

ಎರಡು ದಿನ ಬಿಟ್ಟು ಪ್ಯಾನೆಲ್ ಸಭೆ ಸೇರಿತು. ಸಿಟ್ಟಿಗೆದ್ದ ಜನ ಸಭಾಂಗಣದಲ್ಲಿದ್ದರು. ಸದಸ್ಯರು ಅವಿಶ್ವಾಸ ನಿರ್ಣಯವನ್ನು ಅಂಗೀಕರಿಸಿದರು. ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಅವಿಶ್ವಾಸದಿಂದ ಇಳಿಸುವುದನ್ನು ಕಂಡ ನಾವು ಇಲ್ಲಿಗೆ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಅಲ್ಲಿ ಆ ನಿರ್ಣಯಕ್ಕೆ ಕಾನೂನಿನ ಬಲ ಎಳ್ಳಷ್ಟೂ ಇಲ್ಲ. ಅಂದು ಸಂಜೆ ಕಮಿಷನರ್ ಕಮಿಷನರ್ ಆಗಿಯೇ ಉಳಿದರು.

ಸೆಪ್ಟೆಂಬರ್ 16, ಮತ್ತೊಂದು ಮಂಗಳವಾರ, ಅವರು ರಾಜೀನಾಮೆ ಕೊಟ್ಟರು. ತಮ್ಮ ಹುದ್ದೆಯ ಸುತ್ತಲಿನ ಚರ್ಚೆ ನೊಂದ 1,400 ಮಕ್ಕಳಿಂದ ಗಮನವನ್ನು ಬೇರೆಡೆಗೆ ಎಳೆಯುತ್ತಿದೆ ಎಂಬುದು ಅವರು ಕೊಟ್ಟ ಕಾರಣ. ಮಾತು ನಿಜ. ವರದಿ ಬಂದ ದಿನವೂ ಅದು ಅಷ್ಟೇ ನಿಜವಾಗಿತ್ತು.

ಇದರಿಂದ ಏನು ಹಿಡಿದುಕೊಳ್ಳಬೇಕು

ಇಪ್ಪತ್ತೊಂದು ದಿನದಲ್ಲಿ ಕಮಿಷನರ್ ಗಳಿಸಿದ್ದೇನೂ ಇಲ್ಲ, ಕಳೆದುಕೊಂಡದ್ದು ಒಂದಿದೆ. ಕೌನ್ಸಿಲ್ ನಾಯಕರ ಜೊತೆಗೇ ಅಂದೇ ಎದ್ದು ಹೋಗಿದ್ದರೆ ದಾಖಲೆಯಲ್ಲಿ ‘ಹೊಣೆ ಹೊತ್ತು ಹೋದರು’ ಎಂದಿರುತ್ತಿತ್ತು. ಮೂರು ವಾರ ತಡೆದು ಹೋದದ್ದಕ್ಕೆ ‘ಹೊರಟುಹೋಗಬೇಕಾಯಿತು’ ಎಂದಾಯಿತು. ಅವರ ಸ್ಥಾನದಲ್ಲಿ ಯಾರೇ ಇದ್ದರೂ ಸಲಹೆಗಾರರು ‘ಕಾನೂನು ನಿಮ್ಮ ಪರವಾಗಿದೆ’ ಎನ್ನುತ್ತಿದ್ದರು. ಕಾನೂನು ಕುರ್ಚಿಯನ್ನು ಮಾತ್ರ ಉಳಿಸಿಕೊಡಬಲ್ಲದು. ಶೋಷಣೆಗೊಳಗಾದ ಹುಡುಗಿಯೊಬ್ಬಳು ಪೊಲೀಸ್ ಠಾಣೆಗೆ ಬರಲು ಧೈರ್ಯ ಮಾಡಬೇಕಾದರೆ ಮೇಲೆ ಕೂತವರ ಮೇಲೆ ನಂಬಿಕೆ ಇರಬೇಕು. ಆ ನಂಬಿಕೆ ಹೋದ ಮೇಲೆ ಈ ಹುದ್ದೆಯಿಂದ ಮಾಡಿಸಬಹುದಾದ ಕೆಲಸ ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆ ಮೂರು ವಾರ ಇಡೀ ದೇಶದ ಸಿಟ್ಟು ಒಬ್ಬರ ಮೇಲೆ ಸುರಿಯಿತು. ದೂರು ಕೊಡಲು ಬಂದ ಮಕ್ಕಳನ್ನು ಹಗುರವಾಗಿ ಕಂಡ ಪೊಲೀಸರಿಗೆ, ಎಚ್ಚರಿಕೆಯ ಕಡತಗಳನ್ನು ಪಕ್ಕಕ್ಕಿಟ್ಟ ಅಧಿಕಾರಿಗಳಿಗೆ ಜನರ ಕಣ್ಣಿಗೆ ಮುಖವಿರಲಿಲ್ಲ, ಕಮಿಷನರ್‌ಗೆ ಇತ್ತು. ಒಂದೇ ಮುಖ ಇರಲಿ ಎಂದೇ ತಾನೆ ಈ ಹುದ್ದೆಯನ್ನು ಮಾಡಿದ್ದು? ಆ ಮಟ್ಟಿಗೆ 2011ರ ಕಾಯ್ದೆ ಅಂದುಕೊಂಡಂತೆಯೇ ಕೆಲಸ ಮಾಡಿತು. ಆದರೆ ಬೈಗುಳಕ್ಕೆ ವಿಳಾಸ ಕೊಟ್ಟು ಬದಲಾವಣೆಗೆ ದಾರಿ ಕೊಡದಿದ್ದರೆ ಉಳಿಯುವುದು ಬೈಗುಳವೇ. ಮರುವರ್ಷ ಸಂಸತ್ತು ತಪ್ಪೆಸಗಿದ ಸಂಸದರನ್ನು ಮತದಾರರು ಮರಳಿ ಕರೆಸುವ ಕಾಯ್ದೆ ತಂದಿತು. ಕಮಿಷನರ್‌ಗಳು ಅದರ ಹೊರಗೇ ಉಳಿದರು. 2021ರಲ್ಲಿ ಉತ್ತರ ಯಾರ್ಕ್‌ಷೈರ್‌ನ ಕಮಿಷನರ್ ಒಬ್ಬರು, ಪೊಲೀಸನೊಬ್ಬನಿಂದ ಕೊಲೆಯಾದ ಯುವತಿಯ ಬಗ್ಗೆ ಆಡಬಾರದ ಮಾತಾಡಿದಾಗ ಮತ್ತದೇ ನಾಟಕ: ಎಲ್ಲೆಡೆಯಿಂದ ಒತ್ತಾಯ, ಬಲವಿಲ್ಲದ ಪ್ಯಾನೆಲ್‌ನ ಅವಿಶ್ವಾಸ, ಕೊನೆಗೆ ತಾವಾಗಿಯೇ ರಾಜೀನಾಮೆ. ಅವರೂ ಹಿಂದೆ ಕೌನ್ಸಿಲರ್ ಆಗಿದ್ದವರೇ.

ಅಭ್ಯರ್ಥಿಯನ್ನು ಆರಿಸುವವರಿಗೆ ಈ ಪ್ರಕರಣದಿಂದ ಸಿಗುವ ಪಾಠ ಬಹಳ ಸರಳ, ಪಾಲಿಸುವುದು ಕಷ್ಟ: ಹಳೆಯ ಖಾತೆಯ ಕಡತ ತರಿಸಿ, ಅದನ್ನು ಅಭ್ಯರ್ಥಿಯ ಮುಂದಿಟ್ಟು ಒಂದು ಮಧ್ಯಾಹ್ನ ಕೂರಬೇಕು. ಇಷ್ಟಕ್ಕೆ ಕಾಯ್ದೆ ಬೇಕಾಗಿಲ್ಲ.

ರಾದರಂನಲ್ಲಿ ಆಮೇಲೆ ಬಹಳ ನಡೆಯಿತು. ಲೂಯಿಸ್ ಕೇಸಿ ನಡೆಸಿದ ತಪಾಸಣೆಯ ವರದಿ 2015ರ ಫೆಬ್ರುವರಿಯಲ್ಲಿ ಕೌನ್ಸಿಲ್ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದೆ ಎಂದಿತು, ಸಂಪುಟ ಪೂರ್ತಿ ಇಳಿಯಿತು, ಸರ್ಕಾರದ ಆಡಳಿತಾಧಿಕಾರಿಗಳು ಬಂದರು. ರಾಷ್ಟ್ರೀಯ ಅಪರಾಧ ಸಂಸ್ಥೆ ಹೊಸದಾಗಿ ತನಿಖೆ ಕೈಗೆತ್ತಿಕೊಂಡಿತು.

ಖಾಲಿಯಾದ ಕುರ್ಚಿಗೆ 2014ರ ಅಕ್ಟೋಬರ್ 30ರಂದು ಉಪಚುನಾವಣೆ ನಡೆಯಿತು. ಇಷ್ಟೆಲ್ಲ ಆದ ಮೇಲೆ ಜನ ಸಾಲುಗಟ್ಟಿ ಬರುತ್ತಾರೆ ಎಂದುಕೊಂಡವರಿದ್ದರು. ಮತದಾನ ಈ ಬಾರಿಯೂ ಶೇಕಡ 15 ಮುಟ್ಟಲಿಲ್ಲ. ಗೆದ್ದದ್ದು ಮತ್ತೆ ಲೇಬರ್; ಗೆದ್ದವರು ಪಾದ್ರಿಯಾಗಿದ್ದವರು, ಅದಕ್ಕೂ ಹಿಂದೆ ಶೆಫೀಲ್ಡ್ ಕೌನ್ಸಿಲ್‌ನ ಉಪನಾಯಕರಾಗಿದ್ದವರು. 2016ರಲ್ಲಿ ಅವರು ತಮ್ಮ ಚೀಫ್ ಕಾನ್‌ಸ್ಟೆಬಲ್‌ರನ್ನು ಅಮಾನತು ಮಾಡಿದರು, ಮರುವರ್ಷ ಹೈಕೋರ್ಟ್ ಅದು ಕಾನೂನುಬಾಹಿರ ಎಂದಿತು. ಅವರು 2024ರವರೆಗೂ ಹುದ್ದೆಯಲ್ಲಿದ್ದರು. ಆ ವರ್ಷದ ಮೇ ತಿಂಗಳಲ್ಲಿ ದಕ್ಷಿಣ ಯಾರ್ಕ್‌ಷೈರ್ ಕಮಿಷನರ್ ಹುದ್ದೆಯೇ ರದ್ದಾಗಿ, ಅಧಿಕಾರವೆಲ್ಲ ಚುನಾಯಿತ ಮೇಯರ್ ಕೈಗೆ ಹೋಯಿತು. 2028ರ ಹೊತ್ತಿಗೆ ಉಳಿದ ಕಡೆಯೂ ಈ ಹುದ್ದೆಯನ್ನು ತೆಗೆದುಹಾಕುವುದಾಗಿ ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿದೆ. ಮೇಯರ್ ಒಬ್ಬರನ್ನು ಅವಧಿಯ ನಡುವೆ ಇಳಿಸಲು ಮತದಾರರಿಗೆ ಆ ಘೋಷಣೆಯ ಹೊತ್ತಿಗೂ ದಾರಿಯಿರಲಿಲ್ಲ.